ಮಸಿ ಕಟ್ಟಿದ ಬಾಯಿ

ದೇವರಾಜು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಹೇಮಗಿರಿ ಪಕ್ಕದ ಅವನ ಊರಿನವರು ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ಕ್ಷೌರದ ಅಂಗಡಿಯಲ್ಲಿ ಕತ್ತಿ ಕೆನ್ನೆಯ ಮೇಲಿರುವಾಗಲೂ ಕಾಲು ಅಲ್ಲಾಡಿಸುವ ಆಸಾಮಿ ಅವನು. ಮದುವೆಯ ಧಾರೆ ಮುಗಿಯುವಷ್ಟರಲ್ಲಿ ಪುರೋಹಿತರನ್ನು ಎಷ್ಟು ಸಲ "ಆಯ್ತಾ ಸ್ವಾಮಿ?" ಎಂದು ಕೇಳಿದನೋ ಲೆಕ್ಕವಿಟ್ಟವರಿಲ್ಲ. ಅಂಥವನಿಗೆ ಸಿಕ್ಕಿದ ಕೆಲಸವೂ ಸರಿಯಾಗಿಯೇ ಇತ್ತು. ಸ್ವಂತದ್ದೊಂದು ಹಾಲಿನ ಟ್ಯಾಂಕರು. ಬೆಳಗಾದರೆ ನಾಗಮಂಗಲದ ಕಡೆಯ ಹಳ್ಳಿಗಳಲ್ಲಿ ಹಾಲು ತುಂಬಿಸಲು ಶುರುಮಾಡಿ, ಕೆ.ಆರ್.ಪೇಟೆ ಸುತ್ತಿಕೊಂಡು, ಮೇಲುಕೋಟೆ ಏರು ಹತ್ತಿ ಇಳಿದು, ಪಾಂಡವಪುರ ದಾಟಿ, ಶ್ರೀರಂಗಪಟ್ಟಣದ ಹತ್ತಿರವಿರುವ ಡೈರಿಗೆ ಮುಟ್ಟಿಸಬೇಕು. ಹೊತ್ತು ಮೀರಿದರೆ ಹಾಲು ಒಡೆಯುತ್ತದೆ. ಓಡಲು ಇದಕ್ಕಿಂತ ಒಳ್ಳೆಯ ನೆಪ ಯಾರಿಗೆ ಬೇಕು?

ಇಂಥವನು ಕೆಲವು ವಾರಗಳಿಂದ ಒಂದು ವಿಚಿತ್ರ ಮಾಡುತ್ತಿದ್ದ. ಪಾಂಡವಪುರದಲ್ಲಿ ರಸ್ತೆಗೆ ಅಂಟಿಕೊಂಡೇ ಅವನ ಮಾವ ಕುಳ್ಳಯ್ಯನ ಲಾರಿ ರಿಪೇರಿ ಶೆಡ್ಡು, ಅದರ ಬೆನ್ನಿಗೆ ಮನೆ. ಆ ಮನೆಯಲ್ಲಿ ದೇವರಾಜುವಿನ ಹೆಂಡತಿ ಮೇಘನ ಚೊಚ್ಚಲ ಹೆರಿಗೆಗೆ ಬಂದು ಕೂತಿದ್ದಳು. ದೇವರಾಜು ದಿನವೂ ಆ ಮನೆಯ ಮುಂದೆ ಹಾದುಹೋಗುವಾಗ ಉದ್ದಕ್ಕೊಂದು ಹಾರನ್ ಹೊಡೆಯುತ್ತಿದ್ದ, ಬ್ರೇಕು ಮಾತ್ರ ಮುಟ್ಟುತ್ತಿರಲಿಲ್ಲ. ಮೇಘನ ಕಿಟಕಿಗೆ ಬಂದು ನಿಂತದ್ದು ಕನ್ನಡಿಯಲ್ಲಿ ಚೂರು ಕಾಣುತ್ತಿತ್ತು, ಅಷ್ಟರಲ್ಲಿ ತಿರುವು ಬಂದುಬಿಡುತ್ತಿತ್ತು. ಹೆಂಡತಿಯ ಮೇಲೆ ಮುನಿಸೇ ಎಂದರೆ, ಅಲ್ಲ. ಅವಳನ್ನು ಕಾಣದೆ ಅವನಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಆದರೆ ನಾಲ್ಕು ಜನರ ಮುಂದೆ ಒಂದು ಮಾತು ಆಡಿಬಿಟ್ಟಿದ್ದ. ಗಂಡಸು, ಅದರಲ್ಲೂ ಅಳಿಯ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಎಲ್ಲ ಶುರುವಾದದ್ದು ಟ್ಯಾಂಕರಿನಿಂದ. ತುಂಬಿದ ಗಾಡಿ ಮೇಲುಕೋಟೆ ಏರಿನಲ್ಲಿ ಎಳೆಯುವುದನ್ನೇ ಬಿಟ್ಟಿತ್ತು. ಆಕ್ಸಿಲೇಟರನ್ನು ನೆಲಕ್ಕೆ ಒತ್ತಿದರೆ ಹಿಂದಿನಿಂದ ಕರಿ ಹೊಗೆ ಬರುತ್ತಿತ್ತೇ ಹೊರತು ಗಾಡಿ ಮುಂದಕ್ಕೆ ಬರುತ್ತಿರಲಿಲ್ಲ. ಕಬ್ಬಿನ ಟ್ರಾಕ್ಟರುಗಳೂ ಹಿಂದಿಕ್ಕಿಕೊಂಡು ಹೋಗತೊಡಗಿದವು. ದೇವರಾಜುವಿಗೆ ಅದಕ್ಕಿಂತ ಸಾವು ವಾಸಿ. ಟ್ಯಾಂಕರನ್ನು ತಂದು ಮಾವನ ಶೆಡ್ಡಿನಲ್ಲಿ ನಿಲ್ಲಿಸಿದ. ಮಧ್ಯಾಹ್ನದ ಊಟ ಹೇಗೂ ಅವನಿಗೆ ಅಲ್ಲೇ. ಮದುವೆಯಾದಾಗಿನಿಂದ ಅತ್ತೆ ಚಲುವಮ್ಮ ಅಳಿಯನನ್ನು ಬರಿಹೊಟ್ಟೆಯಲ್ಲಿ ಮುಂದಕ್ಕೆ ಬಿಟ್ಟವಳಲ್ಲ.

ಕುಳ್ಳಯ್ಯ ಹೆಸರಿಗೆ ತಕ್ಕಂತೆ ಗಿಡ್ಡ ಆಳು, ಸಿಟ್ಟು ಮಾತ್ರ ಮಾರುದ್ದ. ಕ್ಯಾಬಿನ್ ಎತ್ತಿಸಿ, ಎಂಜಿನ್ನಿನ ಪಕ್ಕದ ಒಂದು ಕೊಳವೆಯನ್ನು ಸ್ಪ್ಯಾನರಿನಿಂದ ತಟ್ಟಿ ತೋರಿಸಿದ.

"ಇದು ಇಜಿಆರ್ ಅಂತ ಕಣಪ್ಪ. ಎಂಜಿನ್ ಸುಟ್ಟು ಬುಟ್ಟ ಹೊಗೇಲಿ ಒಂದ್ ಪಾಲ ಆಚೆಗ್ ಬುಡ್ದೆ, ತಿರುಗ್ಸಿ ಒಳಕ್ಕೇ ಕೊಡ್ತದೆ. ಒಳಗಿನ್ ಬೆಂಕಿ ತೀರಾ ಕಾವೇರ್ದೆ ಇರ್ಲಿ ಅಂತ. ಕಾವು ಜಾಸ್ತಿ ಆದ್ರೆ ಕೆಟ್ಟ ಗಾಳಿ ಉಟ್ತದೆ, ಉಸಿರಾಡೋ ಜನಕ್ಕೆ ಆಗಕಿಲ್ಲ. ಇಲ್ಲೊಂದು ಬಾಯಿ ಐತೆ ನೋಡು. ಸಮದಲ್ಲಿ ಓಗೋವಾಗ ತೆರೀತದೆ, ಏರಲ್ಲಿ ಲೋಡ್ ಬಿತ್ತು ಅಂದ್ರೆ ಮುಚ್ಕತದೆ. ನಿನ್ ಗಾಡೀಲಿ ಮಸಿ ಕಟ್ಕಂಡು ಮುಚ್ಚಕ್ಕೇ ಆಯ್ತಿಲ್ಲ. ಏರಲ್ಲೂ ಹೊಗೇನೇ ಕುಡೀತಾ ಕೂತದೆ. ಒಳ್ಳೆ ಗಾಳಿ ಸಿಗ್ದೆ ಎಲ್ಲಿಂದ ಎಳೀತದೆ?"

ಇಷ್ಟೆಲ್ಲ ಹೇಳಿದರೂ ದೇವರಾಜುವಿನ ಕಿವಿಗೆ ಬಿದ್ದದ್ದು ಒಂದೇ ಮಾತು.

"ಅಂದ್ರೆ, ತಾನ್ ಬುಟ್ಟಿದ್ನ ತಾನೇ ತಿನ್ತದಾ?"

"ಊಂ ಮತ್ತೆ."

"ಎಂಜಲ್ನಾ?"

ನಗಬೇಡಿ. ದೇವರಾಜು ಪ್ರತಿ ಶುಕ್ರವಾರ ಟ್ಯಾಂಕರಿಗೆ ನೀರೆರೆದು, ಅರಿಶಿನ ಕುಂಕುಮವಿಟ್ಟು, ಗಂಧದಕಡ್ಡಿ ಬೆಳಗುವವನು. ಒಬ್ಬರು ಕಚ್ಚಿದ ಸೀಬೆಹಣ್ಣನ್ನು ಇನ್ನೊಬ್ಬರು ಮುಟ್ಟಿದರೆ ಬೆನ್ನಿಗೆ ಬಾರಿಸುತ್ತಿದ್ದ ತಾಯಿಯ ಮಗ. ಊರೂರಿನ ಹಸುಗಳ ಹಾಲು ಹೊರುವ ತನ್ನ ಗಾಡಿಗೆ ಯಾರೋ ಎಲ್ಲೋ ಕೂತು ದಿನಾ ಎಂಜಲು ತಿನ್ನಿಸುವ ಏರ್ಪಾಡು ಮಾಡಿದ್ದಾರೆಂದು ಕೇಳಿ ಅವನಿಗೆ ಮೈಯೆಲ್ಲ ಉರಿದುಹೋಯಿತು.

"ಮುಚ್ಬುಡಿ ಮಾವ ಅದ್ನ. ಒಂದ್ ತಗಡು ಕೊಯ್ದು ಅಡ್ಡ ಇಟ್ಬುಡಿ. ಶ್ರೀರಂಗಪಟ್ಣದಲ್ಲಿ ಎಲ್ರಿಗೂ ಅಂಗೇ ಮಾಡ್ಕೊಡ್ತಾವ್ರೆ."

"ನನ್ ಶೆಡ್ಡಲ್ಲಿ ತಗಡು ಇಡಕಿಲ್ಲ. ಬಿಚ್ಚಿ, ಮಸಿ ಕೆರ್ದು, ತೊಳ್ದು ಆಕನ. ಎರಡ್ ದಿನ ಗಾಡಿ ಬುಡು."

"ಎರಡ್ ದಿನ! ಅಲ್ಲೀಗಂಟ ಆಲು ಕೆಚ್ಚಲಲ್ಲೇ ಇರ್ತದಾ ಮಾವ? ಎಂಜಲು ತಿನ್ನೋದ್ನ ನಿಲ್ಸಿ ಅಂದ್ರೆ ತೊಳೀತೀನಿ ಅಂತೀರಲ್ಲ."

ಮಾತಿಗೆ ಮಾತು ಬೆಳೆಯಿತು. ಶೆಡ್ಡಿನಲ್ಲಿದ್ದ ಬೇರೆ ಡ್ರೈವರುಗಳು ಬೀಡಿ ಹಚ್ಚಿಕೊಂಡು ನೋಡುತ್ತ ನಿಂತರು. ಮಾವ ಒಂದು ಹೇಳಿದರೆ ಅಳಿಯ ಎಂಜಲು ಎನ್ನುವುದು, ಅಳಿಯ ಎಂಜಲು ಎಂದರೆ ಮಾವ ಸ್ಪ್ಯಾನರು ಕುಕ್ಕುವುದು. ಕೊನೆಗೆ ಕುಳ್ಳಯ್ಯನ ಮಾರುದ್ದದ ಸಿಟ್ಟು ಪೂರ್ತಿ ಬಿಚ್ಚಿಕೊಂಡಿತು.

"ಎಂಜಲು ಎಂಜಲು ಅಂತ ಏನ್ಲಾ ಬಡ್ಕತೀಯ? ದಿನಾ ಮಾವನ ಮನೇಲಿ ಬಿಟ್ಟಿ ಕೂಳು ಉಂಡ್ ಓಗೋವಾಗ ಇಲ್ದೇ ಇದ್ದ ಮಡಿ ಈಗ ಬಂತಾ ನಿಂಗೆ?"

ಹಿತ್ತಿಲ ಬಾಗಿಲಲ್ಲಿ ಊಟಕ್ಕೆ ಕರೆಯಲು ಬಂದ ಚಲುವಮ್ಮ ಸೌಟು ಹಿಡಿದು ಹಾಗೇ ನಿಂತಳು. ಒಳಗೆ ಮೇಘನಳಿಗೂ ಎಲ್ಲ ಕೇಳಿಸಿತು. ದೇವರಾಜುವಿನ ಮುಖ ಮೊದಲು ಬಿಳಿಚಿ, ಆಮೇಲೆ ಕೆಂಪಾಯಿತು.

"ಆಯ್ತು ಬುಡಿ," ಎಂದ. "ಇನ್ ಈ ಮನೆ ಒಸ್ಲು ನಾನ್ ತುಳಿಯಕಿಲ್ಲ. ಅನ್ನ ಅಂಗಿರ್ಲಿ, ತೊಟ್ಟು ನೀರ್ ಮುಟ್ಟುದ್ರೆ ನಾನು ನಮ್ಮಪ್ಪಂಗುಟ್ಟಿದವನಲ್ಲ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಮೇಘನ ಫೋನು ಮಾಡಿ ಅತ್ತಳು. ನಿಮ್ಮಪ್ಪ ಬಂದು ಕರೆಯಲಿ ಎಂದು ಇವನು ಕೂತ. ಬರುವವನು ಅವನಾಗಿಯೇ ಬರಲಿ ಎಂದು ಕುಳ್ಳಯ್ಯ ಕೂತ. ಅದೂ ಮನೆ ಎಂಥದ್ದು? ಹೆರಿಗೆಯಾದ ಮೇಲೆ ತಿಂಗಳುಗಟ್ಟಲೆ ಬಾಣಂತನ ನಡೆಯಬೇಕಾದ್ದೂ ಅಲ್ಲೇ. ಇವನು ಹೊಸಿಲು ತುಳಿಯದಿದ್ದರೆ ಹುಟ್ಟುವ ಕೂಸನ್ನು ಹೊತ್ತುಕೊಂಡು ಬಂದು ರಸ್ತೆಯಲ್ಲಿ ಟ್ಯಾಂಕರಿಗೆ ತೋರಿಸುವವರು ಯಾರು? ಇದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಇಬ್ಬರೂ ಮೀಸೆ ತಿರುವಿಕೊಂಡು ಓಡಾಡುತ್ತಿದ್ದರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ.

ಜಗಳವಾಡಿದ ದಿನವೇ ದೇವರಾಜು ಹಾಲು ಇಳಿಸಿ ಶ್ರೀರಂಗಪಟ್ಟಣದ ಹೈವೇ ಪಕ್ಕದ ರಾಘವ ಎಂಬ ಫಿಟ್ಟರನ ಬಳಿ ಹೋದ. ರಾಘವ ಹುಡುಗಾಟದಂತೆ ಒಂದು ತಗಡು ಕೊಯ್ದು, ಗಾಡಿಯ ಕಂಪ್ಯೂಟರಿಗೆ ಅನುಮಾನ ಬರಬಾರದೆಂದು ಅದಕ್ಕೊಂದು ಸಣ್ಣ ತೂತು ಕೊರೆದು, ಹೊಗೆಯ ದಾರಿಗೆ ಅಡ್ಡ ಇಟ್ಟು ಬೋಲ್ಟು ಬಿಗಿದ. ಮಾರನೆಯ ದಿನ ಮೇಲುಕೋಟೆ ಏರನ್ನು ಟ್ಯಾಂಕರು ಹೋರಿಯಂತೆ ಹತ್ತಿತು. ಹಿಂದೆ ಹೊಗೆಯ ಸುಳಿವೇ ಇಲ್ಲ. ದೇವರಾಜು ಸ್ಟೇರಿಂಗ್ ತಟ್ಟಿಕೊಂಡು ಒಬ್ಬನೇ ನಕ್ಕ. ಪಾಂಡವಪುರದಲ್ಲಿ ಅವತ್ತಿನ ಹಾರನ್ನು ಕೊಂಚ ಜೋರಾಗಿಯೇ ಇತ್ತು, ಅದು ಮೇಘನಳಿಗಿಂತ ಅವಳ ಅಪ್ಪನಿಗೆ.

ಆ ಖುಷಿ ಬಹಳ ದಿನ ಬಾಳಲಿಲ್ಲ. ಸ್ಟೇರಿಂಗಿನ ಮುಂದೆ ಎಂಜಿನ್ನಿನ ಚಿತ್ರವಿರುವ ಹಳದಿ ದೀಪವೊಂದು ಹತ್ತಿಕೊಂಡಿತು. ಹತ್ತಿದ್ದು ಆರಲಿಲ್ಲ. ಫೋನು ಮಾಡಿದರೆ ರಾಘವ ನಕ್ಕುಬಿಟ್ಟ. "ಅದು ಕಂಪ್ಯೂಟ್ರಣ್ಣ, ಸುಮ್ನೆ ಬೊಗಳ್ತದೆ. ಬೊಗಳೋ ನಾಯಿ ಕಚ್ಚಕಿಲ್ಲ." ಸರಿ ಎಂದು ದೇವರಾಜು ಸುಮ್ಮನಾದ. ಆದರೆ ಸುಮ್ಮನಾಗುವುದು ಅವನ ಹಣೆಯಲ್ಲಿ ಎಲ್ಲಿ ಬರೆದಿದೆ? ದಾರಿಯುದ್ದಕ್ಕೂ ಕಣ್ಣು ದೀಪದ ಮೇಲೆ. ಹಾಲು ತುಂಬಿಸುವಾಗ ಇಣುಕುವುದು, ಟೀ ಕುಡಿಯುತ್ತ ಎದ್ದುಹೋಗಿ ಇಣುಕುವುದು. ಇದು ತಲೆ ತಿನ್ನುತ್ತದೆ ಎಂದು ಒಂದು ಬೆಳಿಗ್ಗೆ ಮನೆಯ ಕನ್ನಡಿಗೆ ಮೇಘನ ಅಂಟಿಸಿಟ್ಟಿದ್ದ ಬೊಟ್ಟುಗಳಲ್ಲಿ ದೊಡ್ಡದೊಂದನ್ನು ಕಿತ್ತು ತಂದು, ದೀಪದ ಮೇಲೆ ಸರಿಯಾಗಿ ಕೂರುವಂತೆ ಅಂಟಿಸಿದ. ದೀಪ ಮುಚ್ಚಿತು. ಇವನ ಚಡಪಡಿಕೆ ಮಾತ್ರ ಹಾಗೇ ಉಳಿಯಿತು.

ಫೋನು ಬಂದದ್ದು ಏರಿನ ಬುಡದ ಹಳ್ಳಿಯಲ್ಲಿ, ಕೊನೆಯ ಹಾಲು ತುಂಬಿಸಿ ಪೈಪು ಸುತ್ತುತ್ತಿರುವಾಗ. ಅತ್ತೆ ಚಲುವಮ್ಮ.

"ಬೆಳಿಗ್ಗೇನೇ ನೋವು ಕಾಣಿಸ್ಕಂತು ಕಣಪ್ಪ. ಪಾಂಡವಪುರದ ಆಸ್ಪತ್ರೇಲಿದೀವಿ. ಅವ್ಳು ನಿಮ್ಮನ್ನೇ ಕೇಳ್ತಾವ್ಳೆ. ಬ್ಯಾಗ ಬನ್ನಿ." ಫೋನಿಡುವ ಮುಂಚೆ ಸೇರಿಸಿದಳು. "ಆಸ್ಪತ್ರೆ ನಮ್ಮನೆ ಅಲ್ಲ, ಬರ್ಬೋದು."

ದೇವರಾಜು ಪೈಪನ್ನು ಅರ್ಧ ಸುತ್ತಿ ಬಿಸಾಕಿ ಹತ್ತಿ ಕೂತ. ಗಾಡಿ ಊರು ದಾಟಿ ಏರಿಗೆ ತಿರುಗಿತು. ಮೂರನೆಯ ಗೇರಿನಲ್ಲಿ ಆಕ್ಸಿಲೇಟರನ್ನು ಬಲವಾಗಿ ಒತ್ತಿದ. ಟ್ಯಾಂಕರು ನಾಲ್ಕು ಮಾರು ನುಗ್ಗಿ, ಇದ್ದಕ್ಕಿದ್ದಂತೆ ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತೆ ನಿಧಾನವಾಯಿತು. ಎರಡಕ್ಕೆ ಇಳಿಸಿದ. ಒಂದಕ್ಕೆ ಇಳಿಸಿದ. ಎಷ್ಟು ಒತ್ತಿದರೂ ಎಂಜಿನ್ನು ಒಂದೇ ಸ್ವರದಲ್ಲಿ ಗೊಣಗುತ್ತಿತ್ತು, ಸದ್ದು ಮೇಲಕ್ಕೇ ಏಳಲಿಲ್ಲ. ಕೊನೆಗೆ ಗಾಡಿ ತೆವಳಿ ತೆವಳಿ ಒಂದು ಹುಣಸೆಮರದ ಪಕ್ಕ ನಿಂತೇಹೋಯಿತು. ಆಗ ಅವನ ಕಣ್ಣಿಗೆ ಬಿದ್ದದ್ದು, ಬೊಟ್ಟಿನ ಅಂಚಿನಲ್ಲಿ ಹಳದಿ ಬೆಳಕು ಮಿಣುಕಿ ಮಿಣುಕಿ ಆರುತ್ತಿದ್ದುದು. ಉಗುರಿನಿಂದ ಕಿತ್ತು ನೋಡಿದರೆ ದೀಪ ಬಿಟ್ಟುಬಿಟ್ಟು ಉರಿಯುತ್ತಿತ್ತು. ಯಾವಾಗಿನಿಂದ ಹೀಗೆ ಕಣ್ಣು ಹೊಡೆಯುತ್ತಿತ್ತೋ ದೇವರೇ ಬಲ್ಲ.

ರಾಘವನಿಗೆ ಫೋನು ಹಚ್ಚಿದ. "ಗಾಡಿ ಇಲ್ಲಿಗ್ ತಂದ್ಬುಡಣ್ಣ, ನೋಡನ," ಎಂದ ರಾಘವ. ಗಾಡಿ ಬರುವಂತಿದ್ದರೆ ನಿನಗ್ಯಾಕೋ ಫೋನು ಎಂದು ದೇವರಾಜು ಅವನ ವಂಶವನ್ನೆಲ್ಲ ನೆನೆದು ಫೋನಿಟ್ಟ.

ಕೆಳಗಿಳಿದ. ಹತ್ತಿದ. ಮತ್ತೆ ಇಳಿದ. ಬಿಸಿಲು ಏರುತ್ತಿತ್ತು. ಮೇಲೆ ನರಸಿಂಹಸ್ವಾಮಿ ಬೆಟ್ಟಕ್ಕೆ ಹೋಗುವ ಕಾರುಗಳು ಪೋಂ ಎನ್ನುತ್ತ ದಾಟಿದವು. ಪಾಂಡವಪುರದ ಬಸ್ಸೊಂದು ಬಂದು ಅವನು ಕೈ ಮಾಡದೆಯೇ ನಿಂತಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು "ಬತ್ತೀರಾ?" ಎಂದ. ದೇವರಾಜು ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಹಿಂತಿರುಗಿ ಟ್ಯಾಂಕರನ್ನು ನೋಡಿದ. ಅಷ್ಟು ಊರುಗಳ ಹೆಂಗಸರು ಚುಮುಚುಮು ಹೊತ್ತಿಗೇ ಎದ್ದು ಕರೆದುಕೊಟ್ಟ ಹಾಲು ಬಿಸಿಲಿನಲ್ಲಿ ನಿಂತಿತ್ತು. ಅದನ್ನು ರಸ್ತೆಯಲ್ಲಿ ಬಿಟ್ಟುಹೋದರೆ ನಾಳೆ ಯಾವ ಮುಖ ಹೊತ್ತು ಅವರ ಮುಂದೆ ಪೈಪು ಹಿಡಿಯುವುದು? ಬಿಡದಿದ್ದರೆ ಅಲ್ಲಿ ಮೇಘನ. ಕಾಲು ಕೆಳಗಿಳಿಸಿದ. ಬಸ್ಸು ಹೋಯಿತು. ಹೋದ ಕೂಡಲೇ ಹತ್ತಬೇಕಿತ್ತು ಎನಿಸಿ ತಲೆ ಚಚ್ಚಿಕೊಂಡ.

ಅತ್ತೆಗೆ ಫೋನು ಮಾಡಿದ. "ಎಂಗವ್ಳೆ?"

"ಒಳಗ್ ಕರ್ಕಂಡೋಗವ್ರೆ. ನೀವೆಲ್ಲಿದ್ದೀರ?"

"ಏರಲ್ಲಿ. ಗಾಡಿ ಏಳ್ತಿಲ್ಲ."

"ನಿಮ್ ಮಾವ ಇಲ್ಲೇ ಅವ್ರೆ. ನಿಂತಲ್ಲಿ ನಿಲ್ದೆ ಆ ಕಡೆಯಿಂದ ಈ ಕಡೆಗೆ ತಿರುಗ್ತಾವ್ರೆ. ಕೊಡ್ಲಾ ಅವರ ಕೈಗೆ?"

ದೇವರಾಜು ಹೂಂ ಎನ್ನಲು ಬಾಯಿ ತೆರೆದ. ಹೊರಕ್ಕೆ ಬಂದದ್ದು "ಬ್ಯಾಡ" ಎಂಬುದು. ಫೋನಿಟ್ಟು, ತನ್ನ ಬಾಯಿಗೆ ತಾನೇ ಒಂದು ಬಿಗಿಯಬೇಕೆನಿಸಿತು ಅವನಿಗೆ.

ಚಲುವಮ್ಮ ದಡ್ಡಿಯಲ್ಲ. ಬಹಳ ಹೊತ್ತು ಹೋಗಲಿಲ್ಲ, ಏರಿನ ಮೇಲಿಂದ ಕುಳ್ಳಯ್ಯನ ಹಳೆಯ ಬೈಕು ಇಳಿದು ಬಂತು, ಪೆಟ್ರೋಲ್ ಟ್ಯಾಂಕಿನ ಮೇಲೆ ಸ್ಪ್ಯಾನರುಗಳ ಚೀಲ. ಕುಳ್ಳಯ್ಯ ಅಳಿಯನ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಟ್ಯಾಂಕರಿನ ಮೂತಿಯ ಮುಂದೆ ಹೋಗಿ ನಿಂತ.

"ಏನವ್ವ, ಏನಾಯ್ತು ನಿಂಗೆ?" ಎಂದು ಟ್ಯಾಂಕರನ್ನು ಕೇಳಿದ.

"ಎಳೀತಿಲ್ಲ. ದೀಪ ಮಿಣುಕ್ತಾ ಐತೆ," ಎಂದ ದೇವರಾಜು, ಹುಣಸೆಮರಕ್ಕೆ.

"ಹೊಗೆ ಬತ್ತಾ?"

"ಇಲ್ಲ," ಎಂದು ಮರಕ್ಕೇ ಹೇಳಿದ.

ಕ್ಯಾಬಿನ್ ಎತ್ತಿದರು. ಎಂಜಿನ್ನು ಕೆಂಡದಂತೆ ಸುಡುತ್ತಿತ್ತು. ಗೋಣಿಚೀಲ ಸುತ್ತಿಕೊಂಡು ಕುಳ್ಳಯ್ಯ ಬೋಲ್ಟು ಬಿಚ್ಚಿದ, ಕೇಳುವ ಮೊದಲೇ ದೇವರಾಜು ಬೇಕಾದ ಸ್ಪ್ಯಾನರನ್ನು ಚಾಚಿದ. ಕೊಳವೆ ಬಿಚ್ಚಿದಾಗ ತಗಡು ಕೈಗೆ ಬಂತು. ಕುಳ್ಳಯ್ಯ ಅದನ್ನು ಬೆಳಕಿಗೆ ಹಿಡಿದು, ತೂತಿನಲ್ಲಿ ಒಂದು ಕಣ್ಣಿಟ್ಟು ನೋಡಿದ.

"ಯಾವ ಬಡ್ಡಿಮಗಂದವ್ವ ಈ ಕಲೆ?" ಎಂದು ಎಂಜಿನ್ನನ್ನು ವಿಚಾರಿಸಿದ. "ಬಾಯಿ ತೆರ್ದೈತೆ, ಹೊಗೆ ಮಾತ್ರ ಬರ್ತಿಲ್ಲ. ಎಲ್ಲೋಯ್ತು ಅಂತ ಕಂಪ್ಯೂಟ್ರು ಉಡ್ಕಿ ಉಡ್ಕಿ ಸಾಕಾಗಿ, ಎಂಜಿನ್ನು ಸುಟ್ಟೋದಾತು ಅಂತ ಎದ್ರಿ ಶಕ್ತಿನೇ ಕಟ್ ಮಾಡದೆ. ಅದ್ಕಿರೋ ಬುದ್ಧಿ ಮನುಸ್ರಿಗಿಲ್ಲ."

ಇನ್ನೊಂದು ದಿನವಾಗಿದ್ದರೆ ದೇವರಾಜು ಹತ್ತು ಮಾತು ತಿರುಗಿಸುತ್ತಿದ್ದ. ಇವತ್ತು ಅವನ ಪ್ರಾಣವೆಲ್ಲ ಅಂಗಿಯ ಜೇಬಿನಲ್ಲಿದ್ದ ಫೋನಿನಲ್ಲಿತ್ತು.

ಹೊಗೆಯ ಬಾಯಿಯನ್ನು ಬಿಚ್ಚಿ ತೆಗೆದರೆ ಒಳಗೆ ಬೆರಳು ದಪ್ಪದ ಮಸಿ, ಜಿಡ್ಡು ಸೇರಿ ಕಲ್ಲಾಗಿತ್ತು. ಕುಳ್ಳಯ್ಯ ಸ್ಕ್ರೂಡ್ರೈವರಿನಿಂದ ಕೆರೆದ, ದೇವರಾಜು ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದ. ಇಬ್ಬರ ಕೈಯೂ ಮೊಣಕೈವರೆಗೆ ಕಪ್ಪಾಯಿತು. ಕೆರೆದಷ್ಟೂ ಉದುರುತ್ತಿತ್ತು. ದೇವರಾಜು ಎದ್ದು ರಸ್ತೆಯವರೆಗೆ ಹೋಗಿ ಬರುತ್ತಿದ್ದ, ಕುಳ್ಳಯ್ಯ ಕೂತಲ್ಲೇ ಪಾದ ಕುಟ್ಟುತ್ತಿದ್ದ. ಆ ಗಳಿಗೆಯಲ್ಲಿ ಯಾರಾದರೂ ನೋಡಿದ್ದರೆ ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎನ್ನುತ್ತಿದ್ದರು.

ಫೋನು ಬಡಿದುಕೊಂಡಿತು. ಕಪ್ಪು ಕೈಯಲ್ಲೇ ಕಿತ್ತು ತೆಗೆದು, ಬೆರಳಿಗೆ ಅದು ಮಣಿಯದೆ, ದೇವರಾಜು ಮೂಗಿನಿಂದ ಒತ್ತಿದ.

"ಎಣ್ಣು ಕೂಸು ಕಣ್ರಪ್ಪ!" ಚಲುವಮ್ಮನ ಗಂಟಲು ರಸ್ತೆಗೆಲ್ಲ ಕೇಳಿಸಿತು. "ತಾಯಿ ಮಗು ಇಬ್ರೂ ಚೆನ್ನಾಗವ್ರೆ."

ದೇವರಾಜು ನಿಂತಲ್ಲೇ ಕುಕ್ಕರಿಸಿದ. ಸಂತೋಷವೋ ಸಂಕಟವೋ ಅವನಿಗೇ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೇ ನುಗ್ಗಿ ಬಂದವು. ಕುಳ್ಳಯ್ಯ ಮುಂಗೈಯಿಂದ ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಮಸಿ ಬಳಿದುಕೊಂಡ. ಆಮೇಲೆ ಜೇಬಿನಿಂದ ಬೈಕಿನ ಬೀಗದಕೈ ತೆಗೆದು, ಅಷ್ಟು ದಿನಗಳಲ್ಲಿ ಮೊದಲ ಸಲ ಅಳಿಯನ ಮುಖ ನೋಡಿದ.

"ನಿಂತ್ಕಬ್ಯಾಡ, ಓಗು. ಇದ್ನ ಬಿಗ್ದು, ಬ್ಯಾಟ್ರಿ ವೈರ್ ಬಿಚ್ಚಿ ಆಕುದ್ರೆ ದೀಪ ಆರ್ತದೆ. ಡೈರಿ ಗಂಟ ನಾನ್ ಓಡುಸ್ಕಂಡ್ ಓಯ್ತೀನಿ."

"ಮಾವ, ಆ ಎರಡ್ನೇ ಗೇರು ವಸಿ..."

"ನೀನ್ ಉಟ್ಟಕ್ ಮುಂಚಿಂದ ಲಾರಿ ಓಡುಸ್ತಿವ್ನಿ. ಓಗ್ಲಾ ಸುಮ್ನೆ."

ದೇವರಾಜು ಹೋದ. ತೊಣ್ಣೂರಿನ ಕಡೆಯ ತಿರುವುಗಳಲ್ಲಿ ಆ ಹಳೆಯ ಬೈಕು ಅಷ್ಟು ಜೋರಾಗಿ ಓಡಿದ್ದು ಅದರ ಜನ್ಮದಲ್ಲೇ ಇಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮ ಅವನ ಕೈ ನೋಡಿ ನಲ್ಲಿ ತೋರಿಸಿದಳು. ಎಷ್ಟು ಉಜ್ಜಿದರೂ ಉಗುರ ಸಂದಿಯ ಮಸಿ ಹೋಗಲಿಲ್ಲ. ಹಾಗೇ ಒಳಗೆ ಹೋದ. ಮೇಘನ ಬೆವರಿಗೆ ಹಣೆಗೂದಲು ಅಂಟಿಕೊಂಡು ಮಲಗಿದ್ದಳು. ಮುಖ ಬಾಡಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. ಅವಳ ಮಗ್ಗುಲಲ್ಲಿ ಹಳೆಯ ಸೀರೆಯ ಮೆತ್ತೆಯೊಳಗೆ ಅಂಗೈಯಗಲದ ಕೆಂಪು ಮುಖ. ದೇವರಾಜು ಅದನ್ನೇ ನೋಡುತ್ತ ನಿಂತ. ಅವನ ಕಾಲು ಅಲ್ಲಾಡುತ್ತಿರಲಿಲ್ಲ. ಆಮೇಲೆ ಬಗ್ಗಿ ಎರಡೂ ಕೈ ಚಾಚಿದ.

"ಮುಟ್ಬ್ಯಾಡಿ," ಎಂದಳು ಮೇಘನ.

"ತೊಳ್ಕಂಡಿವ್ನಿ ಮೇಘ. ಇದು ಓಗಲ್ಲ, ಮಸಿ."

"ಮಸಿ ಅಲ್ಲ." ಅವಳ ದನಿ ಸಣ್ಣದಾಗಿತ್ತು, ನಡುಗುತ್ತಿರಲಿಲ್ಲ. "ದಿನಾ ಹಾರನ್ನು ಕೇಳ್ತಿದ್ದಂಗೆ ಈ ಒಟ್ಟೆ ಒತ್ಕಂಡು ಕಿಟಕಿಗ್ ಓಡೋಳು. ಇವತ್ತಾದ್ರೂ ಬ್ರೇಕ್ ಸದ್ದು ಕೇಳ್ತದಾ ಅಂತ. ಒಂದಿನಾನಾರ ಕೇಳುಸ್ತಾ? ನಿಮ್ ಮಾತು ದೊಡ್ಡದಾಯ್ತು, ನಮ್ಮಪ್ಪನ್ ಮಾತು ದೊಡ್ಡದಾಯ್ತು. ನಾನು, ಇದು, ಏನೂ ಅಲ್ವಾ ನಿಮ್ಗೆ?"

ದೇವರಾಜು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ.

"ನಮ್ಮಪ್ಪನ್ ಮನೇಲಿ ಉಂಡ್ಕಂಡ್ ಬನ್ನಿ. ಆಮೇಲೆ ಎತ್ಕಳಿ."

"ಮೇಘ..."

"ಉಂಡ್ಕಂಡ್ ಬನ್ನಿ."

ಚಲುವಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಬೆನ್ನು ನೋಡಿ ಹೇಳುವಂತಿರಲಿಲ್ಲ.

ಮಾವನ ಮನೆಗೆ ಬಂದರೆ ಬೀಗ. ಶೆಡ್ಡಿಗೂ ಬೀಗ. ಬೆಳಿಗ್ಗೆ ಅವಸರದಲ್ಲಿ ಹೊರಟವರು ಬಾಗಿಲಿಗೆ ನೀರೂ ಹಾಕಿರಲಿಲ್ಲ. ದೇವರಾಜು ಹೊಸಿಲ ಮುಂದೆ ನಿಂತ, ರಸ್ತೆಗೆ ಹೋದ, ಮತ್ತೆ ಬಂದು ಜಗಲಿಯ ಅಂಚಿನಲ್ಲಿ ಕುಂಡೆ ತಾಗಿಸಿದ. ಅಲ್ಲೊಂದು ಕೂಸು ತನ್ನನ್ನು ಕಾಯುತ್ತಿದೆ, ಇಲ್ಲಿ ಊಟ ಹಾಕುವವರಿಲ್ಲ. ನಗಬೇಕೋ ಅಳಬೇಕೋ? ಒಂದೊಂದು ಗಾಡಿಯ ಸದ್ದಿಗೂ ಎದ್ದೆದ್ದು ನೋಡಿದ. ಬಿಸಿಲು ಇಳಿಮುಖವಾದಾಗ ತನ್ನ ಟ್ಯಾಂಕರಿನ ಸದ್ದು ಕಿವಿಗೆ ಬಿತ್ತು. ಬಂದು ನಿಂತಿತು, ಖಾಲಿಯಾಗಿ.

ಕುಳ್ಳಯ್ಯ ಇಳಿದ. ಮುಖದ ಮಸಿ ಹಾಗೇ ಇತ್ತು.

"ಆಲು ಒಡೀಲಿಲ್ಲ. ತಗಂಡ್ರು," ಎಂದ. "ಏರನ್ನ ಬಂಗಾರದಂಗೆ ಅತ್ತುತು. ಒಂದಿನ ಅದರ ಕಂಪ್ಯೂಟ್ರಿಗೆ ಮಿಶಿನ್ ಆಕ್ಸಿ ನೋಡ್ಬೇಕು."

"ಮಾವ," ಎಂದ ದೇವರಾಜು. ಮುಂದಿನ ಮಾತಿಗೆ ಅವನು ಏರು ಹತ್ತುವ ಗಾಡಿಯಷ್ಟೇ ತಿಣುಕಿದ. "ಅಸಿವಾಯ್ತದೆ ಮಾವ. ಊಟ ಇಕ್ಕಿ."

ಕುಳ್ಳಯ್ಯ ಜೇಬಿನಿಂದ ಮನೆಯ ಬೀಗದಕೈ ತೆಗೆದ. ಬಾಗಿಲು ತೆರೆದು, ಪಕ್ಕಕ್ಕೆ ಸರಿದು, ಅಳಿಯನನ್ನು ಮುಂದೆ ಬಿಟ್ಟ. ಹೊಸಿಲು ದಾಟುವಾಗ ಯಾವ ಕಾಲು ಮೊದಲಿಟ್ಟೆನೆಂದು ದೇವರಾಜುವಿಗೆ ತಿಳಿಯಲೇ ಇಲ್ಲ.

ಒಲೆ ಹಚ್ಚಿರಲಿಲ್ಲ. ಕುಳ್ಳಯ್ಯ ತನ್ನದೇ ಮನೆಯ ಅಡುಗೆಕೋಣೆಯಲ್ಲಿ ಪರಸ್ಥಳದವನಂತೆ ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿ ನೋಡಿದ. ಕೊನೆಗೆ ರಾತ್ರಿಯ ಎರಡು ಮುದ್ದೆ, ಒಂದಿಷ್ಟು ಮಜ್ಜಿಗೆ, ಒಂದು ಈರುಳ್ಳಿ ಸಿಕ್ಕಿದವು.

"ತಂಗಳು ಕಣಪ್ಪ," ಎಂದ. ಅವನ ತಲೆ ಬಗ್ಗಿತ್ತು. "ಅಳಿಯಂಗೆ ಯಾರಾದ್ರೂ ತಂಗಳಿಕ್ತಾರಾ? ವಸಿ ತಡಿ, ಅನ್ನಕ್ಕಿಡ್ತೀನಿ. ಅಕ್ಕಿ ಎಲ್ಲಿಟ್ಟವ್ಳೋ..."

"ಅದೇ ಇಕ್ಕಿ ಮಾವ."

ಕುಳ್ಳಯ್ಯ ಮಸಿ ಅಂಟಿದ ಕೈ ತೊಳೆದು, ತಣಿಗೆಗೆ ಮುದ್ದೆ ಹಾಕಿ, ಮಜ್ಜಿಗೆ ಬಿಟ್ಟು, ಈರುಳ್ಳಿ ಗುದ್ದಿ ಒಡೆದು ಪಕ್ಕಕ್ಕಿಟ್ಟ. ಅಳಿಯ ಮೊದಲ ತುತ್ತು ಮುರಿಯುವುದನ್ನು ಎದುರಿಗೆ ಕೂತು ನೋಡಿದ.

"ಅವತ್ತು ಆ ಮಾತು ನನ್ ಬಾಯಲ್ಲಿ ಬರ್ಬಾರ್ದಾಗಿತ್ತು," ಎಂದ. "ಆಡಿದ್ ಗಳಿಗೆಯಿಂದ ನಂಗೇ ಊಟ ಸೇರ್ತಿಲ್ಲ."

ದೇವರಾಜು ಬಾಯಿ ತುಂಬಿದ್ದವನು ತಲೆ ಮಾತ್ರ ಆಡಿಸಿದ. ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಗೆ ಎನ್ನುವಂತಿರಲಿಲ್ಲ, ಅದನ್ನವನು ಇನ್ನೂ ಮುಟ್ಟಿರಲಿಲ್ಲ. ಒಂದು ಮುದ್ದೆ ಮುಗಿಸಿ ಕೈ ನೆಕ್ಕಿಕೊಂಡು ಏಳಲು ಹೋದ.

"ಸಾಕು ಮಾವ."

"ಎಲ್ಲಿ ಸಾಕು? ಇನ್ನೊಂದ್ ಮುದ್ದೆ ಐತೆ. ಒಟ್ಟೆ ತುಂಬ ಉಣ್ಣು." ಕುಳ್ಳಯ್ಯ ಅದನ್ನೂ ತಣಿಗೆಗೆ ಹಾಕಿ, ಬಾಗಿಲ ಕಡೆ ನೋಡಿ, ಮತ್ತೆ ಅಳಿಯನ ಕಡೆ ನೋಡಿದ. "ಕೂಸು ಯಾರಂಗೈತೆ?"

"ನೀವ್ ನೋಡ್ಲಿಲ್ವಾ? ಡೈರಿಯಿಂದ ಬರ್ತಾ ಆಸ್ಪತ್ರೆಗ್ ಓಗ್ಲಿಲ್ವಾ?"

"ಓಗಿದ್ದೆ," ಎಂದ ಕುಳ್ಳಯ್ಯ. ಅವನ ಪಾದ ನೆಲ ಕುಟ್ಟತೊಡಗಿತ್ತು. "ನನ್ನ ಕಾಣ್ತಿದ್ದಂಗೆ ನಿನ್ನೆಂಡ್ತಿ ಕೂಸಿನ ಮುಖಕ್ಕೆ ಸೆರಗು ಮುಚ್ಬುಟ್ಳು. ನಿನ್ ಅಳಿಯಂಗೆ ನಿನ್ ಕೈಯಾರೆ ಇಕ್ಕಪ್ಪ, ಅವ್ರು ಒಟ್ಟೆ ತುಂಬ ಉಂಡ್ ಮ್ಯಾಕೆ ಬಾ, ತೋರುಸ್ತೀನಿ ಅಂದ್ಳು. ಅದ್ಕೇ ಏಳ್ತಿರೋದು ಕಣ್ಲಾ, ಬ್ಯಾಗ ಉಣ್ಣು."